ಇಳಿಬಿಸಿಲಿಗೆ ಕಾಣುವ ಬಂಡೆಚಿತ್ರಗಳು

ಸ್ಕಾಟ್ಲೆಂಡಿಗೆ ಹೋಗಿ ಬಂದವರು ಸಾಮಾನ್ಯವಾಗಿ ಎಡಿನ್‌ಬರೋ ಕೋಟೆಯ ಬಗ್ಗೆ, ಲಾಕ್ ನೆಸ್ ಸರೋವರದ ಬಗ್ಗೆ ಹೇಳುತ್ತಾರೆ. ಆ ನಾಡಿನ ಪಶ್ಚಿಮ ಅಂಚಿನಲ್ಲಿ, ಆರ್ಗೈಲ್ ಎಂಬ ಪ್ರಾಂತ್ಯದಲ್ಲಿರುವ ಕಿಲ್‌ಮಾರ್ಟಿನ್ ಕಣಿವೆಯ ಮಾತು ಬರುವುದು ಅಪರೂಪ. ಅಲ್ಲಿ ದೊಡ್ಡ ಊರಿಲ್ಲ, ಭವ್ಯ ಅರಮನೆಯಿಲ್ಲ. ಆದರೆ ಕಿಲ್‌ಮಾರ್ಟಿನ್ ಹಳ್ಳಿಯ ಸುತ್ತ ಆರು ಮೈಲಿಯೊಳಗೆ 800ಕ್ಕೂ ಹೆಚ್ಚು ಪುರಾತನ ನೆಲೆಗಳಿವೆ. ನಿಲುಗಲ್ಲುಗಳು, ಕಲ್ಲುಗುಪ್ಪೆಯ ಸಮಾಧಿಗಳು, ಹಳೆಯ ಕೋಟೆಗಳು, ಇವುಗಳ ಜೊತೆಗೆ ಬಯಲು ಬಂಡೆಗಳ ಮೇಲಿನ ಕೆತ್ತನೆಗಳು. ಈ ಕೆತ್ತನೆಗಳಿಗೆ ಸುಮಾರು 5000 ವರ್ಷಗಳ ವಯಸ್ಸು ಎಂದು ವಿದ್ವಾಂಸರ ಲೆಕ್ಕ.

2024ರ ಜೂನ್‌ನಲ್ಲಿ ಗ್ಲಾಸ್ಗೋದಲ್ಲಿ ಓದುತ್ತಿದ್ದ ಮಗನನ್ನು ನೋಡಲು ಹೋಗಿದ್ದೆ. ವಿಜ್ಞಾನದ ಮೇಷ್ಟರಿಗೆ ಕಲ್ಲು ಎಂದರೆ ಕುತೂಹಲ ಇದ್ದದ್ದೇ. ಇಬ್ಬರೂ ಬಸ್ಸು ಹಿಡಿದೆವು. ದಾರಿ ಲಾಕ್ ಲೊಮೊಂಡ್ ಸರೋವರದ ದಂಡೆಯಲ್ಲಿ ಸಾಗಿ, ಆಮೇಲೆ ಘಾಟಿ ಏರುತ್ತದೆ. ಘಾಟಿಯ ನೆತ್ತಿಗೆ ‘ವಿಶ್ರಮಿಸಿ, ಕೃತಜ್ಞರಾಗಿರಿ’ ಎಂಬ ಅರ್ಥದ ಹೆಸರಿದೆ. ಹದಿನೆಂಟನೆಯ ಶತಮಾನದಲ್ಲಿ ಈ ರಸ್ತೆ ಕಡಿದ ಸೈನಿಕರು ಕಲ್ಲಿನ ಮೇಲೆ ಬರೆಸಿದ ಮಾತಂತೆ ಅದು. ಅಲ್ಲಿಂದ ಮುಂದೆ ಇನ್ವರಾರಿ ದಾಟಿ ಲಾಕ್‌ಗಿಲ್ಪ್‌ಹೆಡ್ ಎಂಬ ಸಣ್ಣ ಪಟ್ಟಣ. ಅದಕ್ಕೆ ಹತ್ತಿರದಲ್ಲೇ, ಕಾಡಿನ ನಡುವೆ, ಆಕ್ನಬ್ರೆಕ್ ಎಂಬ ಜಾಗದಲ್ಲಿ ಸ್ಕಾಟ್ಲೆಂಡಿನ ಅತಿ ದೊಡ್ಡ ಬಂಡೆಚಿತ್ರಗಳಿವೆ.

ನಡು ಮಧ್ಯಾಹ್ನ ಅಲ್ಲಿಗೆ ಹೋದರೆ ಕಾಣುವುದು ಬೂದುಬಣ್ಣದ ನುಣುಪು ಬಂಡೆ, ಅಲ್ಲಲ್ಲಿ ಹಾವಸೆ, ಕೆಲವು ಮಸುಕು ಗುಳಿಗಳು. ಅಷ್ಟೇ. ಅದೇ ಬಂಡೆಯನ್ನು ಸಂಜೆ ನೋಡಬೇಕು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ನಂತರ. ಊಟ ಮುಗಿಸಿ ಎಂಟೂವರೆಗೆ ಮತ್ತೆ ಹೋದೆವು. ಮಿಡ್ಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳು ಮುಖಕ್ಕೆ ಮುತ್ತಿ ಕಚ್ಚುತ್ತಿದ್ದವು. ಬಿಸಿಲು ಓರೆಯಾಗುತ್ತ ಬಂದಂತೆ ಬಂಡೆಯ ಮೇಲೆ ಒಂದು ಉಂಗುರ ಎದ್ದು ಕಂಡಿತು, ಅದರ ಸುತ್ತ ಇನ್ನೊಂದು, ಮತ್ತೊಂದು. ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳನ್ನು ಯಾರೋ ಕಲ್ಲಿನಲ್ಲೇ ಹಿಡಿದು ನಿಲ್ಲಿಸಿದಂತಿತ್ತು. ಕೆಲವು ಉಂಗುರಗಳ ಅಗಲ ಸುಮಾರು ಒಂದು ಮೀಟರ್. ನಡುವೆ ಅಳಗುಳಿಮಣೆಯ ಗುಳಿಯಂಥ ಒಂದು ಬಟ್ಟಲು. ಎಷ್ಟೋ ಕಡೆ ಆ ಬಟ್ಟಲಿನಿಂದ ಹೊರಟ ಒಂದು ಗೀರು ಎಲ್ಲ ಉಂಗುರಗಳನ್ನೂ ಸೀಳಿಕೊಂಡು ಹೊರಗೆ ಹರಿದಿತ್ತು. ಅರ್ಧ ಗಂಟೆ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ.

ಇದರಲ್ಲಿ ಮಾಯವೇನೂ ಇಲ್ಲ. ಬೆಳಕು ನೆತ್ತಿಯಿಂದ ಬಿದ್ದಾಗ ಗುಳಿಯ ತಳಕ್ಕೂ ಅಂಚಿಗೂ ಹೆಚ್ಚುಕಡಿಮೆ ಒಂದೇ ಪ್ರಕಾಶ ಸಿಗುತ್ತದೆ. ಬೆಳಕು ಓರೆಯಾದರೆ ಅಂಚಿನ ನೆರಳು ತಳದ ಮೇಲೆ ಬೀಳುತ್ತದೆ. ಕೆಲವೇ ಮಿಲಿಮೀಟರ್ ಆಳದ ಗೀರು ಕೂಡ ಕಪ್ಪು ಗೆರೆಯಾಗುತ್ತದೆ. ಮನೆಯಲ್ಲೇ ಪರೀಕ್ಷಿಸಬಹುದು. ಕತ್ತಲಲ್ಲಿ ಟಾರ್ಚನ್ನು ಗೋಡೆಗೆ ತಾಗಿಸಿ ಪಕ್ಕದಿಂದ ಬೆಳಕು ಬಿಡಿ, ಹಗಲಲ್ಲಿ ಕಾಣದಿದ್ದ ಗಾರೆಯ ಏರುತಗ್ಗುಗಳೆಲ್ಲ ಕಾಣುತ್ತವೆ.

ಕೆತ್ತಿದವರ ಬಳಿ ಕಬ್ಬಿಣದ ಉಳಿ ಇರಲಿಲ್ಲ. ಹಿಂದೆ ನಮ್ಮ ಊರುಗಳಲ್ಲಿ ಬೀಸುಕಲ್ಲಿಗೆ ಕಚ್ಚು ಹಾಕುವವರು ಬರುತ್ತಿದ್ದರು. ಅವರಂತೆಯೇ ಇವರೂ ಕುಟ್ಟಿ ಕುಟ್ಟಿಯೇ ಕೆತ್ತಿದರು, ಆದರೆ ಕಲ್ಲಿನಿಂದ ಕಲ್ಲಿಗೆ. ಈ ಕಣಿವೆಯ ಟೋರ್‌ಬ್ಲಾರೆನ್‌ನಲ್ಲಿ ಕೆತ್ತನೆಯ ಬಂಡೆಯ ಸುತ್ತ ಅಗೆದಾಗ ಬೆಣಚುಕಲ್ಲಿನ ಸುತ್ತಿಗೆಗಳೂ ಚೂರುಗಳೂ ಸಿಕ್ಕವು. ಬೆಣಚುಕಲ್ಲಿನ ಗಡಸುತನ ಮೋಸ್ ಮಾನದಲ್ಲಿ 7. ಕಾಲ ನಿರ್ಣಯ ಮಾತ್ರ ಕಷ್ಟ. ಮರ, ಮೂಳೆಗಳಂತೆ ಕೆತ್ತನೆಗೆ ಇಂಗಾಲದ ಪರೀಕ್ಷೆ ನಡೆಸಲಾಗದು. ಆದ್ದರಿಂದ ಸುತ್ತುಬಳಸಿನ ಸಾಕ್ಷ್ಯ ಬೇಕು. ಇದೇ ಕಣಿವೆಯ ನೆದರ್ ಲಾರ್ಗಿ ಸಮಾಧಿಯ ಒಂದು ಚಪ್ಪಡಿಯಲ್ಲಿ ಬಟ್ಟಲು ಗುಳಿಗಳೂ ಕೊಡಲಿಯ ಚಿತ್ರಗಳೂ ಇವೆ. ಕೊಡಲಿಗಳು ಕಂಚಿನ ಯುಗದ ಆರಂಭದವು, ಗುಳಿಗಳು ಅವಕ್ಕಿಂತ ಹಳೆಯವು.

ಈ ಕೆತ್ತನೆಗಳನ್ನು ಮೊದಲು ಶ್ರದ್ಧೆಯಿಂದ ದಾಖಲಿಸಿದವರಲ್ಲಿ ಒಬ್ಬರ ಹೆಸರು ಕೇಳಿದರೆ ವಿದ್ಯಾರ್ಥಿಗಳಿಗೆ ಅಚ್ಚರಿಯಾದೀತು. ಅವರು ಎಡಿನ್‌ಬರೋದ ಪ್ರಸೂತಿ ವೈದ್ಯ ಸರ್ ಜೇಮ್ಸ್ ಯಂಗ್ ಸಿಂಪ್ಸನ್. 1847ರಲ್ಲಿ ಕ್ಲೋರೋಫಾರಂ ಬಳಸಿ ಹೆರಿಗೆಯ ನೋವನ್ನು ತಗ್ಗಿಸಿದವರು ಇವರೇ. ಅವರು 1867ರಲ್ಲಿ ಬಟ್ಟಲು ಮತ್ತು ಉಂಗುರದ ಕೆತ್ತನೆಗಳ ಮೇಲೆ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ನೂರು ವರ್ಷಗಳ ನಂತರ ರೊನಾಲ್ಡ್ ಮಾರಿಸ್ ಎಂಬ ವಕೀಲರು ದಕ್ಷಿಣ ಸ್ಕಾಟ್ಲೆಂಡಿನ ಬೆಟ್ಟಬಯಲುಗಳನ್ನು ಸುತ್ತಿ ನೂರಾರು ಬಂಡೆಗಳನ್ನು ಅಳೆದು ಬರೆದರು. ಇವೇಕೆ ಕೆತ್ತಿದ್ದು ಎಂಬ ಪ್ರಶ್ನೆಗೆ ಅದುವರೆಗೆ ಬಂದ ಉತ್ತರಗಳನ್ನು ಅವರು 1979ರ ಪುಸ್ತಕದಲ್ಲಿ ಪಟ್ಟಿ ಮಾಡಿದರು. ಒಟ್ಟು 104 ಉತ್ತರಗಳು! ನಕ್ಷತ್ರಗಳ ನಕ್ಷೆ, ಲೋಹ ಹುಡುಕುವವರ ಗುರುತು, ಅನ್ಯಗ್ರಹದವರ ಸಂದೇಶ, ಹೀಗೆ. ಪ್ರತಿಯೊಂದಕ್ಕೂ ಮಾರಿಸ್ ಪರೀಕ್ಷೆಯ ಉತ್ತರ ಪತ್ರಿಕೆಯಂತೆ ಅಂಕ ಕೊಟ್ಟರು. ಯಾವುದೂ ಎಲ್ಲರ ಒಪ್ಪಿಗೆ ಪಡೆದಿಲ್ಲ.

ಹಾಗಾದರೆ ಇಷ್ಟು ದುಡಿದೂ ಫಲವೇನು ಎಂದು ಕೇಳಬಹುದು. ‘ಇದು ಏನು’ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೂ ‘ಎಲ್ಲಿ, ಹೇಗೆ, ಎಷ್ಟು’ ಎಂಬ ಪ್ರಶ್ನೆಗಳಿಗೆ ಬೇಕಾದಷ್ಟು ಉತ್ತರ ಸಿಕ್ಕಿದೆ. ಕೆತ್ತಿದವರು ಬಂಡೆಯ ಬಿರುಕುಗಳನ್ನು ಅಡ್ಡಿಯೆಂದು ಬಿಡದೆ ಚಿತ್ರದೊಳಗೇ ಸೇರಿಸಿಕೊಂಡಿದ್ದಾರೆ. ದೂರದವರೆಗೆ ಕಣ್ಣು ಹಾಯುವಂಥ ಜಾಗಗಳಲ್ಲಿ ಎಷ್ಟೋ ಬಂಡೆಗಳಿವೆ. ಇಂಥದೇ ಚಿತ್ರಗಳು ಐರ್ಲೆಂಡ್, ಉತ್ತರ ಇಂಗ್ಲೆಂಡ್, ಸ್ಪೇನಿನ ವಾಯವ್ಯ ಮೂಲೆಯಲ್ಲೂ ಇವೆ. ಇವೆಲ್ಲ ಅಳತೆಯಿಂದ ತಿಳಿದ ಸಂಗತಿಗಳು, ಊಹೆಗಳಲ್ಲ. ತರಗತಿಯಲ್ಲಿ ನಾವು ಅವಲೋಕನ ಬೇರೆ, ತೀರ್ಮಾನ ಬೇರೆ ಎಂದು ಪಾಠ ಹೇಳುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

2017ರಿಂದ 2021ರವರೆಗೆ ನಡೆದ ಒಂದು ಯೋಜನೆಯಲ್ಲಿ ಊರೂರಿನ ಸ್ವಯಂಸೇವಕರು ತರಬೇತಿ ಪಡೆದು, ಒಂದೊಂದು ಬಂಡೆಯ ಹತ್ತಾರು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಜೋಡಿಸಿ ಮೂರು ಆಯಾಮದ ಮಾದರಿಗಳನ್ನು ಮಾಡಿದರು. ಸ್ಕಾಟ್ಲೆಂಡಿನಲ್ಲಿ ಈಗ 3000ಕ್ಕೂ ಹೆಚ್ಚು ಕೆತ್ತನೆಯ ಬಂಡೆಗಳು ಗೊತ್ತಿವೆ. ಆದರೂ ಹುಡುಕುವವರಿಗೆ ಕೆಲಸ ಮುಗಿದಿಲ್ಲ. ಕಿಲ್‌ಮಾರ್ಟಿನ್‌ನಲ್ಲೇ ರಸ್ತೆಗೆ ಸಮೀಪದಲ್ಲಿ ಡಂಕ್ರೇಗೆಗ್ ಎಂಬ ಕಲ್ಲುಗುಪ್ಪೆಯ ಸಮಾಧಿಯಿದೆ. ನೂರಾರು ಜನ ನೋಡಿಹೋದ ಜಾಗ. ಕಣಿವೆಗೆ ಬಂದಿದ್ದ ಹೇಮಿಷ್ ಫೆಂಟನ್ ಎಂಬವರು ಒಂದು ರಾತ್ರಿ ಟಾರ್ಚು ಹಿಡಿದು ಅದರೊಳಗೆ ನುಸುಳಿ ಮೇಲಿನ ಚಪ್ಪಡಿಯತ್ತ ಬೆಳಕು ಬಿಟ್ಟರು. ಕವಲೊಡೆದ ಕೊಂಬಿನ ಗಂಡು ಜಿಂಕೆಗಳು ಕಂಡವು! ಕನಿಷ್ಠ ಐದು ಪ್ರಾಣಿಗಳು, ಅದರಲ್ಲಿ ಎರಡು ದೊಡ್ಡ ಕೆಂಪು ಜಿಂಕೆಗಳು. ಸ್ಕಾಟ್ಲೆಂಡಿನಲ್ಲಿ ಸಿಕ್ಕ ಪ್ರಾಣಿಚಿತ್ರಗಳಲ್ಲಿ ಇವೇ ಅತ್ಯಂತ ಹಳೆಯವು ಎಂದು 2021ರಲ್ಲಿ ಪ್ರಕಟಿಸಲಾಯಿತು.

ಕಂಡದ್ದನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಗ್ಲಾಸ್ಗೋ ಹೊರವಲಯದ ಫೇಫ್ಲಿಯಲ್ಲಿ ಕಾಕ್ನೋ ಎಂಬ ಬಂಡೆಯಿದೆ. ಉದ್ದ ಸುಮಾರು 13 ಮೀಟರ್, ಅಗಲ 8 ಮೀಟರ್, ಮೈಮೇಲೆ 90ರಷ್ಟು ಕೆತ್ತನೆಗಳು. 1937ರಲ್ಲಿ ಲುಡೋವಿಕ್ ಮಾನ್ ಎಂಬ ಹವ್ಯಾಸಿ ಸಂಶೋಧಕರು ಅದಕ್ಕೆ ಬಣ್ಣ ಹಚ್ಚಿದರು. ಜನ ಬಂದರು, ನಡೆದಾಡಿದರು, ತಮ್ಮ ಹೆಸರುಗಳನ್ನೂ ಕೊರೆದರು. ಬೇರೆ ದಾರಿ ಕಾಣದೆ 1965ರಲ್ಲಿ ಬಂಡೆಯನ್ನು ಮಣ್ಣಿನಡಿ ಹೂತುಬಿಟ್ಟರು. 2016ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಕೆನ್ನಿ ಬ್ರೋಫಿ ಮತ್ತು ತಂಡ ಅದನ್ನು ಪೂರ್ತಿ ತೆರೆದು, ಲೇಸರ್ ಮತ್ತು ಕ್ಯಾಮೆರಾದಿಂದ ಅಂಗುಲ ಅಂಗುಲವಾಗಿ ದಾಖಲಿಸಿ, ಮತ್ತೆ ಮುಚ್ಚಿತು. ನೋಡಲೆಂದು ಬಂದವರ ಕೈಯಿಂದಲೇ ಕಾಪಾಡಲು ಒಂದು ಬಂಡೆಯನ್ನು ಹೂಳಬೇಕಾಯಿತು.

ಈ ಮಾತು ನಮಗೂ ಸಲ್ಲುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಇದೇ ಬಗೆಯಲ್ಲಿ, ಕಲ್ಲಿನಿಂದ ಕುಟ್ಟಿ, ಉದ್ದ ಕೊಂಬಿನ ಹೋರಿಗಳನ್ನು ಬಿಡಿಸಿದ್ದಾರೆ. ಆ ಜನಕ್ಕೂ ಸ್ಕಾಟ್ಲೆಂಡಿನವರಿಗೂ ಸಂಬಂಧವಿತ್ತೆಂದಲ್ಲ, ಕೈ ಮತ್ತು ಕಲ್ಲಿನ ಕೆಲಸ ಮಾತ್ರ ಒಂದೇ. ಫಾಸೆಟ್ ಎಂಬ ಇಂಗ್ಲಿಷ್ ಅಧಿಕಾರಿ 1892ರಷ್ಟು ಹಿಂದೆಯೇ ಅವುಗಳ ಬಗ್ಗೆ ಬರೆದಿದ್ದರು. ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳೂ ಅಲ್ಲಿವೆ, ಬಡಿದು ಬಡಿದು ಸವೆದ ಗುಳಿಗಳೂ ಇವೆ ಎಂದು ನಿಕೋಲ್ ಬೋಯಿವಿನ್ 2004ರಲ್ಲಿ ಪ್ರಕಟಿಸಿದರು. ಕಲ್ಲುಗಣಿಗಾರಿಕೆಯಿಂದ ಈ ನೆಲೆಗೆ ಒದಗಿರುವ ಅಪಾಯವನ್ನೂ ಅವರು ಎತ್ತಿ ಹೇಳಿದ್ದರು. ಮಣ್ಣು ಮುಚ್ಚಿದ ಬಂಡೆಯನ್ನು ಮತ್ತೆ ತೆರೆಯಬಹುದು, ಜಲ್ಲಿಯಾದ ಬಂಡೆಯನ್ನು ಹಿಂದೆ ತರಲಾಗದು.

ತಂದೆತಾಯಂದಿರು ಮಕ್ಕಳನ್ನು ಇಂಥ ಕಡೆ ಕರೆದೊಯ್ಯುವುದಾದರೆ ಬೆಳಗಿನ ಅಥವಾ ಸಂಜೆಯ ಹೊತ್ತು ನೋಡಿ ಹೋಗಿ. ಒಂದು ಟಾರ್ಚು, ಒಂದು ಅಳತೆಪಟ್ಟಿ, ಒಂದು ನೋಟ್‌ಬುಕ್ಕು ಸಾಕು. ಸೀಮೆಸುಣ್ಣ ಬೇಡ, ಹಾವಸೆ ಕೆರೆಯುವುದು ಬೇಡ, ಕೆತ್ತನೆಯ ಮೇಲೆ ಕಾಲಿಡುವುದು ಬೇಡ. ‘ಇದರ ಅರ್ಥವೇನು’ ಎಂದು ಮಗು ಕೇಳಿದರೆ ಉತ್ತರಕ್ಕೆ ಅವಸರ ಪಡಬೇಡಿ. ಮೊದಲು ಎಷ್ಟು ಉಂಗುರಗಳಿವೆ, ಹೋರಿಯ ಕೊಂಬು ಯಾವ ಕಡೆ ಬಾಗಿದೆ ಎಂದು ಎಣಿಸಿ ಬರೆದುಕೊಳ್ಳಲಿ.