ಬಿಳಿಜೋಳದ ಬುತ್ತಿ

ಕಳೆದ ರವಿವಾರ ಸಂಜೆ ನನ್ನ ಮಗಳ ಮಗ ಬರ್ಲಿನ್ನಿನಿಂದ ಮಾತನಾಡಿದ. ಮೊಬೈಲಿನ ಪರದೆಯಲ್ಲಿ ಅವನ ಮುಖಕ್ಕಿಂತ ಬೆನ್ನ ಹಿಂದಿನ ಕಿಟಕಿಯೇ ಹೆಚ್ಚು ಕಾಣುತ್ತಿತ್ತು.

"ಉಂಡೀ ಏನಪಾ?" ಎಂದೆ.

"ಉಂಡೀನಿ ಮುತ್ಯಾ" ಎಂದ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಮೂವತ್ತೈದು ವರ್ಷ ಮಕ್ಕಳೆದುರು ಕರಿಹಲಗೆಗೆ ಬೆನ್ನು ಮಾಡಿ ನಿಂತವನಿಗೆ ಇಂತಹ ಉತ್ತರಗಳ ಬೆಲೆ ತಿಳಿಯದೆ ಇರುವುದಿಲ್ಲ. "ಏನು ಉಂಡಿ?" ಎಂದು ಮತ್ತೆ ಕೇಳಿದೆ. ತುಸು ತಡೆದು, "ಬ್ಯಾಳಿ, ಅನ್ನ" ಎಂದ. "ಯಾವ ಬ್ಯಾಳಿ?" ಎಂದೆ. "ಮಸೂರ ಬ್ಯಾಳಿ ಮುತ್ಯಾ. ಟರ್ಕಿಯವರ ಅಂಗಡ್ಯಾಗ ಅದೇ ಸಸ್ತಾ ಸಿಗ್ತದ."

ನಮ್ಮದು ತೊಗರಿಯ ಕಣಜ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಾಗ ಇದೇ ಹುಡುಗ ಪತ್ರಿಕೆಯ ಸುದ್ದಿಯನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದ್ದ. ಈಗ ಮನೆಯಲ್ಲಿ ಎರಡು ಚೀಲ ಬೇಳೆಯಿದೆ. ಅವನು ಅಲ್ಲಿ ಮಸೂರ ತಿನ್ನುತ್ತಿದ್ದಾನೆ.

ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ನಮ್ಮಂಥವರ ಮನೆಯ ಹುಡುಗರು ಅಲ್ಲಿಗೆ ಹೋಗುವುದೇ ಆ ಕಾರಣಕ್ಕೆ. ಆದರೆ ವೀಸಾ ಕೊಡುವ ಮುನ್ನ ಒಂದು ವರ್ಷದ ಜೀವನವೆಚ್ಚವನ್ನು ಖಾತೆಯೊಂದರಲ್ಲಿ ತುಂಬಿ ತೋರಿಸಬೇಕು. 2025ರಲ್ಲಿ ಇವನು ಹೊರಟಾಗ ಆ ಮೊತ್ತ 11,904 ಯೂರೋ ಇತ್ತು. ತುಂಬಿದ ಹಣವನ್ನು ಬೇಕೆಂದಾಗ ತೆಗೆಯುವಂತಿಲ್ಲ, ತಿಂಗಳಿಗೆ 992 ಯೂರೋದಂತೆ ಬಿಡುತ್ತಾರೆ. ಅದರಲ್ಲಿ ಅರ್ಧದಷ್ಟು ಕೋಣೆಯ ಬಾಡಿಗೆಗೇ ಹೋಗುತ್ತದೆ, ಕಡ್ಡಾಯದ ಆರೋಗ್ಯ ವಿಮೆ ಬೇರೆ. ಉಳಿದದ್ದು ಹೊಟ್ಟೆಗೆ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದಂತೆ. ಇವನು ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ ಹಿಡಿದಿದ್ದಾನೆ. ಮನೆಯಲ್ಲಿ ಎತ್ತಿನ ಹಗ್ಗವನ್ನೂ ಹಿಡಿಯದ ಹುಡುಗ!

ಮಂಗಳವಾರ ಮತ್ತು ಶುಕ್ರವಾರ ಅಲ್ಲಿ ಕಾಲುವೆಯ ದಂಡೆಯ ಮೇಲೆ, ಮೈಬಾಖ್‌ಊಫರ್ ಎಂಬಲ್ಲಿ, ಟರ್ಕಿಯವರ ಸಂತೆ ನೆರೆಯುತ್ತದೆ. ಸಂತೆ ಹರಿಯುವ ಹೊತ್ತಿಗೆ ಹೋದರೆ ಬುಟ್ಟಿ ಬದನೆಕಾಯಿ, ಬುಟ್ಟಿ ಟೊಮ್ಯಾಟೊ ಒಂದೊಂದು ಯೂರೋಗೆ ಬರುತ್ತದೆ ಎಂದು ಹೆಮ್ಮೆಯಿಂದ ಹೇಳಿದ. ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ಮರಳಿ ಬರುತ್ತದೆಂದೂ, ಕೋಣೆಯ ಗೆಳೆಯನೊಬ್ಬ ಉದ್ಯಾನಗಳಲ್ಲಿ ಅಂಥವನ್ನು ಆಯ್ದು ತರುತ್ತಾನೆಂದೂ ಹೇಳಿದ. "ಗೆಳ್ಯಾ ಒಬ್ಬನೇ ಆರಸ್ತಾನೋ, ನೀನೂ ಜೋಡಿ ಇರ್ತೀಯೋ?" ಎಂದೆ. ನಕ್ಕ, ಉತ್ತರ ಕೊಡಲಿಲ್ಲ.

ಸಂತೆ ಹರಿಯುವ ಹೊತ್ತಿನ ವಿದ್ಯೆಯನ್ನು ಅವನಿಗೆ ಯಾರೂ ಕಲಿಸಿದ್ದಲ್ಲ. ನನಗೂ ಯಾರೂ ಕಲಿಸಿರಲಿಲ್ಲ.

1972ರ ಜುಲೈನಲ್ಲಿ ನಾನು ಎಂ.ಎ. ಓದಲು ಹೈದರಾಬಾದಿಗೆ ಹೋದೆ. ನಮ್ಮ ಸೋದರಮಾವ ಅದೇ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ್ದರು. ಅವರು ಹೋದಾಗ ಅದು ನಮ್ಮದೇ ರಾಜಧಾನಿ. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ನಾವು ಇದ್ದಲ್ಲೇ ಇದ್ದರೂ ಹೈದರಾಬಾದು ಪರಸ್ಥಳವಾಯಿತು. ನಾನು ಹೋದ ವರ್ಷವೇ, ಅಕ್ಟೋಬರಿನಲ್ಲಿ, ಮುಲ್ಕಿ ನಿಯಮಗಳನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದು ಊರಿನ ತುಂಬ ಮುಲ್ಕಿ, ಗೈರ್ ಮುಲ್ಕಿ ಎಂಬ ಗದ್ದಲವೆದ್ದಿತು. ಸೋದರಮಾವ ಮುಲ್ಕಿ, ಸೋದರಳಿಯ ಗೈರ್ ಮುಲ್ಕಿ. ದೇಶ ಬಿಡದೆಯೇ ಪರದೇಶಿಯಾದ ವಿದ್ಯಾರ್ಥಿ ನಾನು.

ಕಾಚಿಗುಡದಲ್ಲಿ ಒಂದು ಕೋಣೆ, ಬಾಡಿಗೆ 36 ರೂಪಾಯಿ, ಇದ್ದವರು ಮೂವರು. ಆಳಂದದವನೊಬ್ಬ, ಜೇವರ್ಗಿಯವನೊಬ್ಬ, ಅಫಜಲಪುರ ತಾಲೂಕಿನ ನಾನು. ವಿಶ್ವವಿದ್ಯಾಲಯಕ್ಕೆ ನಡೆದೇ ಹೋಗುತ್ತಿದ್ದೆವು. ದೀಪದ ಖರ್ಚು ಉಳಿಸಲು ಸಂಜೆಯೆಲ್ಲ ಅಫ್ಜಲ್‌ಗಂಜಿನ ಕೇಂದ್ರ ಗ್ರಂಥಾಲಯದಲ್ಲಿ ಕೂತು, ಬಾಗಿಲು ಹಾಕುವವನು ಕೆಮ್ಮಿದ ಮೇಲೆ ಏಳುತ್ತಿದ್ದೆವು. ಇರಾನಿ ಹೋಟೆಲಿನಲ್ಲಿ ಒಂದು ಚಹಾ ಹೇಳಿ ಎರಡು ಬಸಿಯಲ್ಲಿ ಹಂಚಿಕೊಂಡರೂ ಯಾರೂ ಏಳೆನ್ನುತ್ತಿರಲಿಲ್ಲ. ಆ ಮಾರ್ಬಲ್ ಮೇಜುಗಳ ಋಣ ದೊಡ್ಡದು.

ಊಟ ಮಾತ್ರ ನಮ್ಮ ನಮ್ಮ ಊರಿನಿಂದ ಬರುತ್ತಿತ್ತು. ನಮ್ಮ ಕಡೆಯ ಬಸ್ಸುಗಳು ಗೌಳಿಗುಡದ ನಿಲ್ದಾಣಕ್ಕೆ ಬರುತ್ತಿದ್ದವು. ವಿಮಾನ ನಿಲ್ಲಿಸುವ ಕಟ್ಟಡದಂತೆ ಕಮಾನು ಬಾಗಿದ ಆ ತಗಡಿನ ಛಾವಣಿ 2018ರಲ್ಲಿ ಕುಸಿದು ಬಿತ್ತೆಂದು ಓದಿದಾಗ ನಾನು ಅಂದು ಊಟ ಮಾಡಲಿಲ್ಲ. ಅವ್ವ ಕಟ್ಟಿದ ಬುತ್ತಿಯನ್ನು ಅಪ್ಪ ಅಫಜಲಪುರದಲ್ಲಿ ಡ್ರೈವರನ ಕೈಗೆ ಕೊಡುವರು. ಗುಲಬರ್ಗಾದಲ್ಲಿ ಸೋದರಮಾವ ಅದನ್ನು ಇಳಿಸಿಕೊಂಡು ಹೈದರಾಬಾದಿನ ಬಸ್ಸಿಗೆ ಏರಿಸುವರು. ಅರಿವೆಯ ಮೇಲೆ ಶಾಯಿಯಲ್ಲಿ ನನ್ನ ಹೆಸರು. ಒಳಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ನನ್ನ ಬುತ್ತಿ ಸೋಮವಾರ, ಜೇವರ್ಗಿಯವನದು ಬುಧವಾರ, ಆಳಂದದವನದು ಶುಕ್ರವಾರ. ಆಳಂದದವನ ಮನೆಯವರಿಗೆ ಸೊಲ್ಲಾಪುರದ ಬಳಕೆ ಹೆಚ್ಚಾದ್ದರಿಂದ ಅವನ ಶೇಂಗಾ ಹಿಂಡಿಯ ರುಚಿಯೇ ಬೇರೆ. ಅದಕ್ಕಾಗಿ ಜಗಳವೂ ಆಗುತ್ತಿತ್ತು. ಮುರಿದ ಚೂರುಗಳನ್ನು ಚಹಾದಲ್ಲಿ ನೆನೆಸಿ ತಿನ್ನುತ್ತಿದ್ದೆವು. ಪಲ್ಯಕ್ಕೆ, ಸುಲ್ತಾನ್ ಬಜಾರದಲ್ಲಿ ಬುಟ್ಟಿಯವರು ಏಳುವ ಹೊತ್ತು ಕಾಯುತ್ತಿದ್ದೆವು.

ಆ ವರ್ಷದ ಬರವನ್ನು ನಮ್ಮ ಭಾಗದ ಹಿರಿಯರು ಮರೆತಿಲ್ಲ. ಮುಂಗಾರು ಹೋಯಿತು, ಹಿಂಗಾರಿಯೂ ಹೋಯಿತು. ನಾನು ಮಾತ್ರ ಗ್ರಂಥಾಲಯದ ಫ್ಯಾನಿನ ಕೆಳಗಿದ್ದೆ. ಜನವರಿಯಲ್ಲಿ ಒಂದು ಸೋಮವಾರ ಬುತ್ತಿ ಬರಲಿಲ್ಲ. ಎರಡನೆಯ ಸೋಮವಾರವೂ ಬರಲಿಲ್ಲ. ಮೂರನೆಯ ಸೋಮವಾರ ಗೌಳಿಗುಡದಿಂದ ಬರಿಗೈಯಲ್ಲಿ ಮರಳುವಾಗ ಗೆಳೆಯರ ಬುತ್ತಿಗೆ ಕೈಹಾಕುವ ಸಂಕೋಚವೆಲ್ಲ ಸಿಟ್ಟಾಯಿತು. ನಮ್ಮ ತಾಲೂಕಿನ ಗಾಣಗಾಪುರದಲ್ಲಿ ಐದು ಮನೆ ಮಧುಕರಿ ಬೇಡುವುದು ದತ್ತನ ಸೇವೆ. ಕಾಚಿಗುಡದಲ್ಲಿ ಅದಕ್ಕೆ ಬೇರೆ ಹೆಸರಿತ್ತು. ಅಂದು ರಾತ್ರಿಯೇ ಒಂದು ಕಾರ್ಡು ಬರೆದೆ. "ನನ್ನನ್ನು ಓದಲು ಕಳಿಸಿದಿರೋ, ಉಪವಾಸ ಕೆಡವಲು ಕಳಿಸಿದಿರೋ? ಸಾಕಲಾರದವರು ಕಳಿಸಬಾರದಿತ್ತು." ಇದೇ ಮಾತು, ಇನ್ನೂ ಎರಡು ಸಾಲು ಇತ್ತು, ಅವನ್ನು ಇಲ್ಲಿ ಬರೆಯಲಾರೆ.

ಉತ್ತರ ಬರಲಿಲ್ಲ. ಹತ್ತು ದಿನದ ಮೇಲೆ ಹದಿನೈದು ರೂಪಾಯಿಯ ಮನಿಯಾರ್ಡರು ಬಂತು. ಕಳಿಸಿದವರ ಜಾಗದಲ್ಲಿ ಅಪ್ಪನ ಹೆಸರು. ಅಕ್ಷರ ನಮ್ಮೂರ ಶಾಲೆಯ ಮಾಸ್ತರರದು. ಅಪ್ಪನಿಗೆ ಓದುಬರಹ ಬಾರದು, ಮಾಸ್ತರರಿಂದ ಬರೆಸಿರಬೇಕೆಂದುಕೊಂಡೆ. ಸಿಟ್ಟು ಇಳಿಯಿತು, ಏಕೆಂದರೆ ಹೊಟ್ಟೆ ತುಂಬಿತು.

ಯುಗಾದಿಗೆ ಊರಿಗೆ ಹೋದೆ. ಅವ್ವನ ಕೈ ಬೊಬ್ಬೆಯೆದ್ದಿದ್ದವು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಹೊರುತ್ತಿದ್ದಳು. ಒಲೆಯ ಮೇಲೆ ರೇಷನ್ನಿನ ಕೆಂಪು ಜೋಳದ ರೊಟ್ಟಿ. "ಬುತ್ತಿ ಯಾಕ ನಿಲ್ಲಿಸಿದಿ?" ಎಂದು ಕೇಳಿದೆ. ಸಂಕ್ರಾಂತಿಯವರೆಗೆ ಇದ್ದ ಬಿಳಿಜೋಳವನ್ನೆಲ್ಲ ನನ್ನ ಬುತ್ತಿಗೇ ಇಟ್ಟು, ಅವರು ಕೆಂಪು ಜೋಳ ಉಂಡಿದ್ದರು. "ಬಿಳಿಜೋಳ ತೀರಿತಪಾ. ಇಂಥಾ ರೊಟ್ಟಿ ಆ ಪಟ್ಟಣಕ್ಕ ಹ್ಯಾಂಗ ಕಳಸಲಿ, ನಿನ್ನ ಗೆಳ್ಯಾರು ನಗತಿದ್ರು" ಎಂದಳು. ಆಮೇಲೆ ಸಮಾಧಾನದ ಧ್ವನಿಯಲ್ಲಿ, "ಅಷ್ಟರಾಗ ನಿಂದೇ ಕಾರ್ಡು ಬಂತಲ್ಲ. ಇಲ್ಲಿ ಊಟದ ಚಿಂತಿ ಇಲ್ಲ, ಬುತ್ತಿ ಕಳಸಬ್ಯಾಡ್ರಿ ಅಂತ" ಎಂದಳು. ಕಾರ್ಡನ್ನು ದೇವರ ಮಾಡದಲ್ಲಿ ಭಂಡಾರದ ಬಟ್ಟಲ ಕೆಳಗೆ ಇಟ್ಟಿದ್ದಳು. ನನ್ನದೇ ಅಕ್ಷರ, ಅದೇ ಸಾಲುಗಳು.

ಮನಿಯಾರ್ಡರಿನ ಮಾತು ಎತ್ತಿದೆ. ಅಪ್ಪ ಅವ್ವನ ಮುಖ ನೋಡಿದರು; ಇಬ್ಬರಿಗೂ ಅದು ಗೊತ್ತಿರಲಿಲ್ಲ.

ಮಾಸ್ತರರ ಮನೆಗೆ ಹೋಗಿ ಕಾಲಿಗೆ ಬಿದ್ದೆ. ಅವರು ಕಟ್ಟೆಯ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದರು. ಕತ್ತರಿಸುವುದನ್ನು ನಿಲ್ಲಿಸದೆ, "ನಿನ್ನ ಅಕ್ಷರ ಛಲೋ ಅದ. ಬರದದ್ದು ಛಲೋ ಇರಲಿಲ್ಲ" ಎಂದರು. ಹದಿನೈದು ರೂಪಾಯಿ ಮರಳಿ ಕೊಡಲು ಹೋದಾಗ ತೆಗೆದುಕೊಳ್ಳಲಿಲ್ಲ. ಅವರಿಗೂ ಆ ವರ್ಷ ಹೊಲದಲ್ಲಿ ಏನೂ ಬೆಳೆದಿರಲಿಲ್ಲ. ಮುಂದೆ ನಾನೂ ಮಾಸ್ತರನಾಗಿ ಹಳ್ಳಿಗಳಲ್ಲಿ ಎಷ್ಟೋ ಜನರ ಪತ್ರ ಓದಿ ಹೇಳಿದ್ದೇನೆ. ಎಲ್ಲವನ್ನೂ ಇದ್ದಂತೆಯೇ ಓದಿದೆನೆಂದು ಹೇಳಲಾರೆ. ಅವ್ವನಿಗೆ ಆ ಕಾರ್ಡಿನ ನಿಜವನ್ನು ಅವಳು ಇರುವತನಕ ಹೇಳಲಿಲ್ಲ. ಹೇಳಬೇಕಿತ್ತೋ ಏನೋ, ಇಂದಿಗೂ ತೀರ್ಮಾನವಾಗಿಲ್ಲ.

ರವಿವಾರ ಮಾತು ಮುಗಿದ ಮೇಲೆ ಮಗಳು ಅಡುಗೆಮನೆಯಿಂದಲೇ, "ಏನಂದ ಅಪ್ಪಾ, ಉಂಡಾನಂತ?" ಎಂದು ಕೇಳಿದಳು. ಒಂದು ಗಳಿಗೆ ಮಾಸ್ತರರ ನೆನಪಾಯಿತು. ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದೆ: ಮಸೂರ ಬೇಳೆ, ಗೋದಾಮು, ಬಾಟಲಿ. ಅವಳು ಮಾತಾಡದೆ ಕೊಣಮಿಗೆಗೆ ಹಿಟ್ಟು ಸುರುವಿಕೊಂಡಳು.

ಆಳಂದದ ಹುಡುಗನೊಬ್ಬ ಇದೇ ತಿಂಗಳು ಬರ್ಲಿನ್ನಿಗೆ ಹೊರಟಿದ್ದಾನೆ. ಅವನಿಗೆ ವಿಮಾನದಲ್ಲಿ ಒಯ್ಯಲು ಬಿಡುವ 23 ಕಿಲೋದಲ್ಲಿ ಎರಡು ಕಿಲೋ ಜಾಗ ನಮಗೆ ಬಿಟ್ಟುಕೊಟ್ಟಿದ್ದಾನೆ. ಹಾಲಿನ ಪದಾರ್ಥಗಳನ್ನು ಆ ದೇಶದೊಳಗೆ ಒಯ್ಯುವಂತಿಲ್ಲವೆಂದು ಗೊತ್ತಾಗಿ ಮಗಳು ತುಪ್ಪದ ಡಬ್ಬಿಯನ್ನು ಮತ್ತೆ ಕಪಾಟಿಗೆ ಏರಿಸಿದಳು. ನಾನು ತಕ್ಕಡಿ ಹಿಡಿದು ಕೂತಿದ್ದೇನೆ. ಬೇಳೆ ಒಂದು ಕಿಲೋ, ಹಿಂಡಿ ಅರ್ಧ ಕಿಲೋ. ಉಳಿದ ಅರ್ಧ ಕಿಲೋಗೆ ಎಷ್ಟು ರೊಟ್ಟಿ ಬರುತ್ತವೆಂದು ಎಣಿಸುತ್ತಿದ್ದೇವೆ.