ಪೈ ದಿನದ ಊರಿನಲ್ಲಿ ಉಳಿತಾಯದ ಲೆಕ್ಕ

ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಕಡಲಂಚಿನ ನಗರ. ಅಲ್ಲಿನ ಎಕ್ಸ್‌ಪ್ಲೊರೆಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯದಲ್ಲಿ 1988ರಲ್ಲಿ ಭೌತವಿಜ್ಞಾನಿ ಲ್ಯಾರಿ ಶಾ ಮತ್ತು ಸಂಗಡಿಗರು ವೃತ್ತಾಕಾರವಾಗಿ ನಡೆದು, ಹಣ್ಣಿನ ಪೈ ತಿಂದು, ಮೊದಲ ‘ಪೈ ದಿನ’ ಆಚರಿಸಿದರು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವುದರಿಂದ ಮಾರ್ಚ್ 14 ಎಂದರೆ 3.14. ಗಣಿತದ ಪೈಗೂ ಹೂರಣ ತುಂಬಿದ ದುಂಡನೆಯ ಪೈಗೂ ಅಲ್ಲಿ ಒಂದೇ ಉಚ್ಚಾರ. ಪಿಜ್ಜಾವನ್ನೂ ಪೈ ಎನ್ನುವುದುಂಟು.

ವ್ಯಾಪಾರಿಗಳು ಇಂಥ ದಿನವನ್ನು ಬಿಟ್ಟಾರೆಯೇ? 2012ರಲ್ಲಿ ಕ್ಯಾಲಿಫೋರ್ನಿಯದಲ್ಲೇ ಆರಂಭವಾದ ಬ್ಲೇಜ್ ಪಿಜ್ಜಾ ಎಂಬ ಹೋಟೆಲು ಸರಣಿ ಹಲವು ವರ್ಷ ಅಂದು 11 ಅಂಗುಲದ ಪಿಜ್ಜಾವನ್ನು 3 ಡಾಲರ್ 14 ಸೆಂಟಿಗೆ ಮಾರಿತು.

ಅದು ಒಂದು ದಿನದ ರಿಯಾಯಿತಿ. ಉಳಿದ ದಿನಗಳಿಗೆ ಗಣಿತವೇ ಗತಿ. ವಿದ್ಯಾರ್ಥಿಗಳೇ, ವ್ಯಾಸದ ವರ್ಗ ಕಟ್ಟಿ ನೋಡಿ. 8 ಅಂಗುಲದ ಎರಡು ಪೈಗೆ 64+64=128; 12 ಅಂಗುಲದ ಒಂದಕ್ಕೇ 144! ಎರಡೂ ಕಡೆ ಗುಣಕ ಒಂದೇ ಆದ್ದರಿಂದ ಹೋಲಿಸಲು 3.14 ಕೂಡ ಬೇಡ. ದಪ್ಪ ಸಮನಾಗಿದ್ದರೆ ದೊಡ್ಡದೊಂದು ಚಿಕ್ಕವೆರಡನ್ನೂ ಮೀರಿಸುತ್ತದೆ. ಆಮೇಲೆ ಬೆಲೆಯನ್ನು ಆ ವರ್ಗದಿಂದ ಭಾಗಿಸಿದರೆ ಯಾವುದು ಅಗ್ಗವೆಂದು ತಿಳಿಯುತ್ತದೆ.

‘ಒಂದು ಕೊಂಡರೆ ಒಂದು ಉಚಿತ’ ಎಂಬ ಫಲಕ ಕಂಡಾಗ ಪೋಷಕರು ಈ ಲೆಕ್ಕವನ್ನು ಮಕ್ಕಳಿಗೇ ಬಿಡಲಿ. ಹಸಿವಿನ ಲೆಕ್ಕವನ್ನು ಮಾತ್ರ ತಾವು ಇಟ್ಟುಕೊಳ್ಳಲಿ. ತಟ್ಟೆಯಲ್ಲಿ ಮಿಕ್ಕಿ ಚೆಲ್ಲಿದರೆ ಅಗ್ಗದ್ದೂ ದುಬಾರಿಯೇ.