ಚೀಟಿಯ ಕಾಲದಿಂದ ಹುಡುಕುವ ಕಾಲಕ್ಕೆ

ವಚನಗಳಲ್ಲಿ ‘ಅರಿವು’ ಎಂಬ ಮಾತು ಎಲ್ಲೆಲ್ಲಿ ಬಂದಿದೆ ಎಂದು ತಿಳಿಯಬೇಕಾದರೆ ತೊಂಬತ್ತರ ದಶಕದಲ್ಲಿ ಇದ್ದ ದಾರಿ ಒಂದೇ: ಓದುವುದು, ಚೀಟಿ ಬರೆಯುವುದು. ಪೋಸ್ಟ್‌ಕಾರ್ಡಿನ ಅಳತೆಗೆ ಕತ್ತರಿಸಿದ ಕಾಗದದ ನೆತ್ತಿಯ ಮೇಲೆ ಪದ, ಅದರ ಕೆಳಗೆ ಪದ ಬಂದ ಸಾಲು, ಅಡಿಯಲ್ಲಿ ವಚನಕಾರರ ಹೆಸರು, ಸಂಪುಟ, ವಚನದ ಸಂಖ್ಯೆ. ಹೀಗೆ ಬರೆದ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ ಚಪ್ಪಲಿ ಅಂಗಡಿಯಿಂದ ತಂದ ರಟ್ಟಿನ ಡಬ್ಬಗಳಲ್ಲಿ ಇಡುತ್ತಿದ್ದೆವು. ಮಾನಸಗಂಗೋತ್ರಿಯಲ್ಲಿ ನಾನು ಸಂಶೋಧನೆಗೆ ಸೇರಿದಾಗ ಹಿರಿಯರೊಬ್ಬರ ಕೋಣೆಯಲ್ಲಿ ಅಂಥ ಡಬ್ಬಗಳು ಗೋಡೆಯುದ್ದಕ್ಕೂ ಇದ್ದವು. ಫ್ಯಾನ್ ಹಾಕುವಂತಿರಲಿಲ್ಲ, ಚೀಟಿ ಹಾರುತ್ತವೆ ಎಂದು.

ಈ ಪದ್ಧತಿಯನ್ನು ಹಗುರವಾಗಿ ಕಾಣುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಜಿ. ವೆಂಕಟಸುಬ್ಬಯ್ಯನವರಂಥವರು ದುಡಿದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ 8 ಸಂಪುಟಗಳು ನಿಂತಿರುವುದು ಚೀಟಿಗಳ ಮೇಲೆಯೇ. ಚೀಟಿ ಬರೆಯುವವನು ಪ್ರತಿ ಸಾಲನ್ನೂ ಕೈಯಾರೆ ಬರೆಯಬೇಕಿತ್ತು. ಬರೆಯುತ್ತ ಬರೆಯುತ್ತ ಪದದ ಅಕ್ಕಪಕ್ಕದ ಮಾತುಗಳು ತಾವಾಗಿಯೇ ಮನಸ್ಸಿನಲ್ಲಿ ಕೂರುತ್ತಿದ್ದವು. ಅಲ್ಲಮನ ‘ಅರಿವು’ ಬಸವಣ್ಣನ ‘ಅರಿವು’ ಅಲ್ಲ ಎಂಬುದು ನನ್ನ ಕೈಬೆರಳಿಗೆ ಮೊದಲು ತಿಳಿಯಿತು, ತಲೆಗೆ ಆಮೇಲೆ. ಆದರೆ ಅದರ ಮಿತಿಯೂ ಅಷ್ಟೇ ನಿಜ. ‘ಅರಿವು’ ಎಂದು ಚೀಟಿ ಮಾಡುತ್ತ ಹೋದವನಿಗೆ ನಡುವೆ ‘ಮರವೆ’ಯನ್ನೂ ನೋಡಬೇಕಿತ್ತು ಅನ್ನಿಸಿದರೆ ಮುಗಿಯಿತು, 1993ರಲ್ಲಿ ಬಂದ ಸಮಗ್ರ ವಚನ ಸಂಪುಟಗಳ 15 ಸಂಪುಟಗಳನ್ನು ಮತ್ತೆ ಮೊದಲಿನಿಂದ ತಿರುವಬೇಕು. ಎಷ್ಟೋ ಒಳ್ಳೆಯ ಪ್ರಶ್ನೆಗಳು ಹೀಗೆ, ಆಯುಷ್ಯ ಸಾಲದೆಂಬ ಒಂದೇ ಕಾರಣಕ್ಕೆ ನಮ್ಮೊಳಗೇ ಉಳಿದುಹೋದವು.

ಕಂಪ್ಯೂಟರು ನಮ್ಮ ವಿಭಾಗಕ್ಕೆ ಬಂದದ್ದು ಟೈಪ್‌ರೈಟರಿನ ಬದಲಿಗೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ ಒಂದೆರಡು ವಾರದಲ್ಲಿ ಕೈಗೆ ಹತ್ತುತ್ತಿತ್ತು. ಪ್ರಬಂಧಗಳು ಅಂದವಾಗಿ ಅಚ್ಚಾದವು. ಆದರೆ ಆ ದಿನಗಳ ಫಾಂಟುಗಳಲ್ಲಿ ಇದ್ದದ್ದು ಕನ್ನಡದ ಆಕಾರ ಮಾತ್ರ. ಯಂತ್ರದ ಒಳಗೆ ಕೂತಿದ್ದವು ರೋಮನ್ ಲಿಪಿಗೆ ಮೀಸಲಾದ ಸಂಕೇತಗಳು. ಅವುಗಳ ಮೇಲೆ ಕನ್ನಡ ಅಕ್ಷರದ ತುಂಡುಗಳನ್ನು ಹೊದಿಸಿದ್ದರು. ಅಕಾರಾದಿಯಾಗಿ ಜೋಡಿಸು ಎಂದರೆ ಯಂತ್ರ ತನ್ನ ಸಂಕೇತಗಳ ಕ್ರಮದಲ್ಲಿ ಜೋಡಿಸುತ್ತಿತ್ತು, ನಮ್ಮ ವರ್ಣಮಾಲೆಯ ಕ್ರಮದಲ್ಲಲ್ಲ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ನಾನು ಕಂಡ ಒಂದು ಸಂಸ್ಥೆಯಲ್ಲಿ ವರ್ಷಗಟ್ಟಲೆ ಬೆರಳಚ್ಚು ಮಾಡಿಸಿದ ಜನಪದ ಗೀತೆಗಳ ಫ್ಲಾಪಿಗಳಿದ್ದವು. ಅವುಗಳಿಗೆ ಬಳಸಿದ ಫಾಂಟು ಯಾರ ಬಳಿಯೂ ಉಳಿಯಲಿಲ್ಲ, ಕೆಲವೇ ವರ್ಷಗಳಲ್ಲಿ ಫ್ಲಾಪಿ ಓದುವ ಯಂತ್ರವೂ ಇಲ್ಲವಾಯಿತು. ಹಾಡಿದ ಅಜ್ಜಿಯರು ಅಷ್ಟರಲ್ಲಿ ತೀರಿಕೊಂಡಿದ್ದರು.

ಇದಕ್ಕೆ ಉತ್ತರವಾಗಿ ನಮ್ಮ ಕೈಗೆ ಬಂದದ್ದು ಯೂನಿಕೋಡ್. ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಒಂದು ಪಟ್ಟಿಯಿದೆ. ‘ಕ’ ಎಲ್ಲಿ ಹೋದರೂ ‘ಕ’. ಹಳೆಯ ಕಡತಗಳನ್ನು ಹೊಸದಕ್ಕೆ ಬದಲಿಸುವ ಪರಿವರ್ತಕಗಳೂ ಬಂದವು. ನಾನು ನಿಜವಾಗಿ ಕಲಿಯತೊಡಗಿದ್ದು ಅಲ್ಲಿಂದ. ‘ಸೂರ್ಯ’ ಎಂಬ ಪದವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಕಡತದ ಕ್ರಮ: ಮೊದಲು ಯ, ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ನುಡಿಯುವ ಕ್ರಮ: ಮೊದಲು ರ್, ಆಮೇಲೆ ಯ. ಪರಿವರ್ತಕ ಈ ಅರ್ಕಾವತ್ತನ್ನು ಹಿಂದಕ್ಕೆ ಎತ್ತಿಡಬೇಕು. ನಡುವೆ ಇನ್ನೊಂದು ಒತ್ತು ಇದ್ದರೆ ಕೆಲವೊಮ್ಮೆ ಎಡವುತ್ತದೆ. ಸಾವಿರಾರು ಪುಟಗಳಲ್ಲಿ ಇಂಥ ಎಡವಟ್ಟುಗಳನ್ನು ಒಂದೊಂದಾಗಿ ತಿದ್ದಲಾಗದು, ವಿನ್ಯಾಸ ಹೇಳಿ ಹುಡುಕಬೇಕು. ಹಾಗೆ ಹುಡುಕುವ ಭಾಷೆಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಾರೆಂದು ಹೇಳಿಕೊಟ್ಟವನು ಎಂಜಿನಿಯರಿಂಗ್ ಓದುತ್ತಿದ್ದ ನೆರೆಮನೆಯ ಹುಡುಗ. “ಮೇಷ್ಟ್ರೇ, ಇದು ನಿಮ್ಮ ವ್ಯಾಕರಣದ ಸೂತ್ರ ಇದ್ದ ಹಾಗೇ” ಎಂದ. ಅವನು ಹೇಳಿದ್ದು ಸರಿ. ಇಂಥದು ಇಂಥದರ ಮುಂದೆ ಬಂದರೆ ಇಂಥದಾಗುತ್ತದೆ ಎಂಬ ಮಾತಿನ ಕಟ್ಟು ವ್ಯಾಕರಣಕಾರ ಕೇಶಿರಾಜನನ್ನು ಓದಿದವರಿಗೆ ಹೊಸದಲ್ಲ.

‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ವಚನಗಳೆಲ್ಲ ಹುಡುಕುವಂತೆ ಸಿಕ್ಕಾಗ ನಾನು ಮೊದಲು ಒತ್ತಿದ ಪದ ‘ಅರಿವು’. ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಬಂತು. ಡಬ್ಬ ತೆಗೆದು ಹೋಲಿಸಿದರೆ ನನ್ನ ಚೀಟಿಗಳಲ್ಲಿ ಇಲ್ಲದ ಹಲವು ಸಾಲುಗಳು ಅಲ್ಲಿದ್ದವು. ನನ್ನ ಚೀಟಿಯಲ್ಲಿದ್ದ ಕೆಲವು ಅಲ್ಲಿರಲಿಲ್ಲ. ಕಾರಣ ಸಂಧಿ. ‘ನಿನ್ನರಿವು’, ‘ತನ್ನರಿವು’ ಎಂದು ಕೂಡಿದಾಗ ಪದದ ಮೊದಲ ‘ಅ’ ಹಿಂದಿನ ಅಕ್ಷರದೊಳಗೆ ಸೇರಿಹೋಗುತ್ತದೆ, ಯಂತ್ರಕ್ಕೆ ಪದ ಕಾಣುವುದಿಲ್ಲ. ‘ಅರಿವಿನ’ ಎಂದಾಗ ಕೊನೆಯ ಸ್ವರ ಬೇರೆ. ಎಲ್ಲವೂ ಬರಲೆಂದು ‘ರಿವ’ ಎಂದು ಹುಡುಕಿದರೆ ಉರಿವ ಬೆಂಕಿ, ಸುರಿವ ಮಳೆ, ಹರಿವ ಹೊಳೆ ಎಲ್ಲವೂ ಬಂದು ನಿಲ್ಲುತ್ತವೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಯಂತ್ರಕ್ಕೆ ಹೇಳಿಕೊಡಬೇಕಾದವನು ವ್ಯಾಕರಣ ಬಲ್ಲವನೇ. ಕನ್ನಡ ಎಂ.ಎ. ವಿದ್ಯಾರ್ಥಿ ತಂತ್ರಜ್ಞರನ್ನು ಕಾಯುತ್ತ ಕೂರದೆ ಇದನ್ನು ತಾನೇ ಕಲಿಯಬೇಕು ಎಂದು ಅಂದಿನಿಂದ ಎಲ್ಲ ಸಭೆಗಳಲ್ಲೂ ವಾದಿಸುತ್ತ ಬಂದಿದ್ದೇನೆ.

ಉಪಕರಣಗಳೂ ಕನ್ನಡಕ್ಕೆಂದು ಹುಟ್ಟಿದವಲ್ಲ. ಪದಗಳ ಸಂದರ್ಭವನ್ನು ಸಾಲಾಗಿ ತೋರಿಸುವ ಆಂಟ್‌ಕಾಂಕ್ ಎಂಬ ಉಚಿತ ತಂತ್ರಾಂಶವಿದೆ. ಚೀಟಿ ಡಬ್ಬದ ಕೆಲಸವನ್ನೇ ಅದು ಪರದೆಯ ಮೇಲೆ ಮಾಡುತ್ತದೆ. ಅದರ ಹಳೆಯ ಆವೃತ್ತಿಯಲ್ಲಿ ಕನ್ನಡ ಪಠ್ಯ ಹಾಕಿದರೆ ಪದಗಳೆಲ್ಲ ಪುಡಿಪುಡಿ. ಗುಣಿತದ ಚಿಹ್ನೆಗಳನ್ನು ಅದು ಅಕ್ಷರವೆಂದೇ ಎಣಿಸುತ್ತಿರಲಿಲ್ಲ. ಸೆಟ್ಟಿಂಗಿನಲ್ಲಿ ಒಂದು ಗುರುತು ಹಾಕಿದ ಮೇಲೆಯೇ ‘ಕೂಡಲಸಂಗಮದೇವ’ ಇಡಿಯಾಗಿ ಕಾಣುತ್ತಿದ್ದದ್ದು. ಹಳಗನ್ನಡದ ‘ೞ’ಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನವಿದೆ, ಆದರೆ ಅದರ ಅಧಿಕೃತ ಹೆಸರು ತಪ್ಪಾಗಿ ‘ಫ’ ಎಂದು ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ತಿದ್ದುಪಡಿಯ ಹೆಸರೊಂದನ್ನು ಪಕ್ಕದಲ್ಲಿ ಸೇರಿಸಿ ಬಿಟ್ಟಿದ್ದಾರೆ. ಪಟ್ಟಿ ಮಾಡುವ ಹೊತ್ತಿಗೆ ಹಳಗನ್ನಡ ಓದಬಲ್ಲ ಒಬ್ಬರು ಆ ಮೇಜಿನ ಬಳಿ ಇದ್ದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಶಾಸನದ ಕ್ಷೇತ್ರ ಬದಲಾದದ್ದನ್ನು ನಾನು ಹೊರಗಿನಿಂದ ಕಂಡವನು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವವರ ಜತೆ ಹಳ್ಳಿಗಳಿಗೆ ಹೋಗಿದ್ದೇನೆ. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಶಾಸನ ಸಂಪುಟಗಳಲ್ಲಿ ದಾಖಲಿಸಿದ ಎಷ್ಟೋ ಕಲ್ಲುಗಳು ಬೆಂಗಳೂರು ಬೆಳೆದಂತೆ ಕಾಣೆಯಾದವು. ಈಗ ಮಿಥಿಕ್ ಸೊಸೈಟಿಯವರು ಉಳಿದವುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಕಲ್ಲಿನ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ನೋಡಬಹುದು. ಬರಿಗಣ್ಣಿಗೆ ಸಿಗದ ಗೆರೆ ಎದ್ದು ಕಾಣುತ್ತದೆ. 8ನೇ ಶತಮಾನದ್ದೆಂದು ಗುರುತಿಸಿರುವ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲಿನ ಅಕ್ಷರಗಳನ್ನು ಹಾಗೆ ಪರದೆಯ ಮೇಲೆ ಕಂಡಾಗ, ನನ್ನ ಜತೆಗಿದ್ದ ಹಿರಿಯ ಶಾಸನತಜ್ಞರು ಎದ್ದು ಬಂದು ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಗಟ್ಟಿಯಾಗಿ ಓದಿದರು. ಅಕ್ಷರವನ್ನು ತೋರಿಸಿದ್ದು ಸ್ಕ್ಯಾನರು, ಅದು ಯಾವ ಶತಮಾನದ ‘ರ’ಕಾರ ಎಂದು ಹೇಳಿದ್ದು ಅವರು.

ಇನ್ನು ಮುಂದಿನ ದೊಡ್ಡ ಕೆಲಸ ಪಾಠಾಂತರಗಳದ್ದು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಕಲಿಸಿದ ಶಿಸ್ತಿನಂತೆ ನಮ್ಮ ಹಿರಿಯರು ಹಲವು ಓಲೆಪ್ರತಿಗಳನ್ನು ಹೋಲಿಸಿ ಅಡಿಟಿಪ್ಪಣಿಗಳಲ್ಲಿ ಪಾಠಭೇದಗಳನ್ನು ಕೊಟ್ಟರು. ನಾವು ಡಿಜಿಟಲ್ ಮಾಡುವಾಗ ಹೆಚ್ಚಾಗಿ ಮೇಲಿನ ಪಠ್ಯವನ್ನು ಮಾತ್ರ ಎತ್ತಿಕೊಂಡು ಅಡಿಟಿಪ್ಪಣಿಯನ್ನು ಬಿಟ್ಟೆವು. ಹುಡುಕಿದವನಿಗೆ ಒಂದೇ ಪಾಠ ಸಿಗುತ್ತದೆ, ಅದೇ ಅಂತಿಮವೆಂದು ಅವನು ನಂಬುತ್ತಾನೆ. ಯಾವ ಪಾಠ ಯಾವ ಪ್ರತಿಯದು ಎಂದು ಪಠ್ಯದೊಳಗೇ ಗುರುತು ಹಾಕುವ ಟಿಇಐ ಎಂಬ ಕ್ರಮವನ್ನು ಜಗತ್ತಿನ ಗ್ರಂಥಸಂಪಾದಕರು 1987ರಿಂದ ಬೆಳೆಸುತ್ತ ಬಂದಿದ್ದಾರೆ. ಅದನ್ನು ಕಲಿಯಲು ಬಂದ ಹುಡುಗ ಹುಡುಗಿಯರನ್ನು ಈಗ ಅಲ್ಲಮನ ವಚನಗಳ ಅಡಿಟಿಪ್ಪಣಿಗಳ ಮುಂದೆ ಕೂರಿಸಿದ್ದೇನೆ. ಒಬ್ಬಳು ಪ್ರತಿಗಳ ಸಂಕೇತಾಕ್ಷರ ಓದುತ್ತಾಳೆ, ಇನ್ನೊಬ್ಬ ಗುರುತು ಹಾಕುತ್ತಾನೆ, ಮಧ್ಯಾಹ್ನದ ಮೇಲೆ ಇಬ್ಬರೂ ಕೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ.